ಬಿ.ಸಿ. 547 ಟ್ರಾನ್ಸಿಸ್ಟರ್ ಹಾಕಿಯೇ ಮಿನಿಮೋಗ್ ಬೇಸ್ ತಂದಿದ್ದೇನೆ

ಎಪ್ಪತ್ತರ ದಶಕದ ಮಿನಿಮೋಗ್ (ಮೋಗ್ ಕಂಪನಿಯ ಸಿಂಥ್, ಅಂದರೆ ಸರ್ಕ್ಯೂಟಿನಲ್ಲೇ ಸದ್ದು ಹುಟ್ಟಿಸುವ ಕೀಬೋರ್ಡ್) ಬೇಸ್ ಗೊತ್ತಲ್ವಾ, ತಗ್ಗಿನ ಸ್ವರದ್ದು, ಹೊಟ್ಟೆಗೆ ತಾಗುವಂಥದ್ದು, ಸ್ವಲ್ಪ ಒರಟು, ಒಂದೇ ಕೀ ನಾಲ್ಕು ಸಲ ಒತ್ತಿದರೆ ನಾಲ್ಕು ಸಲವೂ ಚೂರು ಬೇರೆ ಕೇಳುವ ಸದ್ದು. ಅದನ್ನು ಶಿವಮೊಗ್ಗದಲ್ಲಿ, ನಾನೇ ಬೆಸುಗೆ ಹಾಕಿದ ಸಿಂಥ್‌ನಲ್ಲಿ ತಂದಿದ್ದೇನೆ. ನಮ್ಮ ರಸಮಂಜರಿ ತಂಡದ ರಿದಮ್ ಪ್ಯಾಡ್‌ನವರು "ಇಷ್ಟೆಲ್ಲ ಯಾಕೆ ಮಾರಾಯ, ಲ್ಯಾಪ್‌ಟಾಪಲ್ಲಿ ಪ್ಲಗಿನ್ ಸಾಫ್ಟ್‌ವೇರ್ ಹಾಕು, ಮುಗೀತು" ಅಂತಿದ್ದರು. ಬೆಂಗಳೂರಿನ ಒಬ್ಬ ಸೌಂಡ್ ಇಂಜಿನಿಯರ್ ಅಂತೂ ಎರಡು ರೂಪಾಯಿ ಟ್ರಾನ್ಸಿಸ್ಟರಲ್ಲಿ ಮೋಗ್ ಸದ್ದು ಬರೋದೇ ಇಲ್ಲ ಅಂತ ಖಚಿತವಾಗಿ ಹೇಳಿದ್ದರು. ಈಗ ಅವರೇ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾರೆ.

ಮೋಗ್ ಸದ್ದಿಗೆ ಬಣ್ಣ ಕೊಡುವುದು ಲ್ಯಾಡರ್ ಫಿಲ್ಟರ್, ಅಂದರೆ ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯ ಹಾಗೆ ಪೇರಿಸಿ ಸದ್ದಿನ ಮೇಲಿನ ಭಾಗ ಕತ್ತರಿಸುವ ಸರ್ಕ್ಯೂಟ್. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ಉದ್ದಕ್ಕೆ ಬರೆಯಲ್ಲ. ಐದು ಜೋಡಿ ಟ್ರಾನ್ಸಿಸ್ಟರ್, ನಾಲ್ಕು ಕೆಪಾಸಿಟರ್, ಆಕ್ಟೇವ್‌ಗೆ (ಒಂದು ಸ್ಥಾಯಿಗೆ) 24 ಡೆಸಿಬಲ್ ಇಳಿತ, ಅಷ್ಟೆ. ಕಷ್ಟ ಇರೋದು ಒಂದಕ್ಕೊಂದು ತಾಳೆಯಾಗುವ ಜೋಡಿ ಹುಡುಕುವುದರಲ್ಲಿ. ಬೆಂಗಳೂರಿನ ಎಸ್.ಪಿ. ರೋಡ್‌ನ ಒಂದು ಅಂಗಡಿಯಿಂದ "ಮ್ಯಾಚ್ ಮಾಡಿದ್ದು" ಅಂತ ಕೊಟ್ಟ ಟ್ರಾನ್ಸಿಸ್ಟರ್ ತಂದೆ, ಮಾಮೂಲಿಗಿಂತ ಹತ್ತು ಪಟ್ಟು ರೇಟು. ಮನೆಗೆ ಬಂದು ಅಳೆದರೆ ಒಂದಕ್ಕೊಂದು ತಾಳೆಯೇ ಇಲ್ಲ. ಆಮೇಲೆ ಬಿ.ಸಿ. 547 ಇನ್ನೂರರಷ್ಟು ಒಟ್ಟಿಗೆ ತರಿಸಿದೆ, ನಾನ್ನೂರು ರೂಪಾಯಿ ಆಸುಪಾಸು. ಒಂದೇ ಕರೆಂಟ್ ಹರಿಸಿ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೂ ಎಮಿಟರ್ ಕಾಲಿಗೂ ನಡುವಿನ ವೋಲ್ಟೇಜ್ ಅಳೆದು, ಒಂದು ಮಿಲಿವೋಲ್ಟ್ ಒಳಗೆ ಬಂದವನ್ನು ಜೋಡಿ ಮಾಡಿದೆ. ಕೈಯಲ್ಲಿ ಮುಟ್ಟಬಾರದು, ಬೆರಳಿನ ಬಿಸಿಗೆ ಡಿಗ್ರಿಗೆ ಎರಡು ಮಿಲಿವೋಲ್ಟ್ ಜಾರುತ್ತದೆ. ಇಕ್ಕಳದಲ್ಲಿ ಹಿಡಿದು, ಸಾಕೆಟ್‌ಗೆ ಹಾಕಿ, ಫ್ಯಾನ್ ಆಫ್ ಮಾಡಿ, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಆಮೇಲೆ ಓದಬೇಕು. ಮೇಲಿನ ಮತ್ತು ಕೆಳಗಿನ ಜೋಡಿ ಮುಖ್ಯ. ನಡುವಿನವು ಒಂಚೂರು ಆಚೀಚೆ ಆದರೂ ನಡೆಯುತ್ತದೆ.

ಮೊದಲ ಬೋರ್ಡ್ ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಆಷಾಢದ ಮಳೆ ಹಿಡಿದ ಮೇಲೆ ಸ್ವರ ಹುಟ್ಟಿಸುವ ಆಸಿಲೇಟರ್‌ಗಳು ಅರ್ಧ ಗಂಟೆಗೊಮ್ಮೆ ಶ್ರುತಿ ಬಿಡತೊಡಗಿದವು. ಎಲ್ಲರೂ ಟೆಂಪರೇಚರ್ ಅಂದರು. ಬಿಸಿ ಏರಿಳಿದರೂ ಶ್ರುತಿ ಸರಿದೂಗಿಸುವ ಟೆಂಪ್ಕೋ ರೆಸಿಸ್ಟರ್ ತರಿಸಿ ಜೋಡಿ ಟ್ರಾನ್ಸಿಸ್ಟರ್ ಮೇಲೆ ಅಂಟಿಸಿದೆ, ಬಿಡಿಯಾಗಿ ಮುನ್ನೂರು ರೂಪಾಯಿ ಚಿಲ್ಲರೆ, ಮೂರು ಬೇಕು. ಸ್ವಲ್ಪ ಸುಧಾರಿಸಿತು, ಪೂರ್ತಿ ಸರಿಹೋಗಲಿಲ್ಲ. ಮಲೆನಾಡಿನಲ್ಲಿ ಕೆಡಿಸುವುದು ತೇವ. ಬೆಸುಗೆಯ ಫ್ಲಕ್ಸ್ (ಬೆಸುಗೆ ಹಿಡಿಯಲು ಹಾಕುವ ರಾಳ) ಬೋರ್ಡ್ ಮೇಲೆ ಉಳಿದಿದ್ದರೆ ಅದು ತೇವ ಎಳೆದುಕೊಂಡು, ಸಣ್ಣ ಕರೆಂಟ್ ಹರಿಯುವ ಜಾಗದಲ್ಲಿ ಸೋರಿಕೆ ಶುರುವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಬಿಸಿಲು ಕಂಡ ದಿನ ಒಣಗಿಸಿ, ಮೇಲೆ ವಾರ್ನಿಷ್ ಸ್ಪ್ರೇ ಹೊಡೆದೆ. ಆಮೇಲಿನ ಮಳೆಗಾಲದಲ್ಲಿ ಅಲುಗಾಡಿಲ್ಲ. ಈ ಸಲಹೆಯನ್ನು ಒಣ ಊರಿನವರು ಯಾರೂ ಕೊಡಲಿಲ್ಲ, ಕೊಡೋಕೆ ಅವರಿಗೆ ಈ ತೊಂದರೆಯೇ ಬಂದಿರಲ್ಲ.

ಇನ್ನೊಂದು ಕಾಟ ಹಮ್. ಟ್ರಾನ್ಸ್‌ಫಾರ್ಮರ್ ಒಳಗೇ ಇಟ್ಟರೆ ಕರೆಂಟ್ ಲೈನಿನ 50 ಹರ್ಟ್ಜ್ ಗುಂಯ್‌ಗುಟ್ಟುವುದು ಫಿಲ್ಟರ್‌ಗೆ ನುಗ್ಗುತ್ತದೆ. ಬೇಸ್‌ನ ಕೆಳಗಿನ 'ಜಿ' ಸ್ವರ 49 ಹರ್ಟ್ಜ್. ಎರಡೂ ಸೇರಿ ಸೆಕೆಂಡಿಗೊಮ್ಮೆ ಅಲೆ ಏಳುತ್ತದೆ, ಆ ಒಂದು ಸ್ವರ ಮಾತ್ರ ಉಬ್ಬಿ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೆ ಹಾಕಿ ಮಾರುದ್ದ ದೂರ ಇಟ್ಟೆ, ಹೋಯಿತು.

ಇಷ್ಟಾದರೂ ಸದ್ದು ಚೊಕ್ಕಟವಾಗಿತ್ತೇ ಹೊರತು ದಪ್ಪ ಇರಲಿಲ್ಲ. ಆ ಇಂಜಿನಿಯರ್ ನಕ್ಕಿದ್ದು ಆಗಲೇ. ಎಲ್ಲರೂ ಕಟಾಫ್ (ಫಿಲ್ಟರ್ ಎಲ್ಲಿಂದ ಕತ್ತರಿಸಬೇಕು ಅನ್ನುವುದು), ರೆಸೊನೆನ್ಸ್ (ಆ ಅಂಚಿನ ಸದ್ದು ಎಷ್ಟು ಉಬ್ಬಬೇಕು ಅನ್ನುವುದು) ತಿರುಗಿಸುತ್ತಾ ಕೂರುತ್ತಾರೆ. ರೆಸೊನೆನ್ಸ್ ಏರಿಸಿದಷ್ಟೂ ಲ್ಯಾಡರ್‌ನಲ್ಲಿ ಕೆಳಗಿನ ಸ್ವರ ಸೊರಗುತ್ತದೆ, ಬೇಸ್‌ಗೆ ಅದು ವಿಷ. ಗುಟ್ಟಿರೋದು ಫಿಲ್ಟರ್‌ಗಿಂತ ಮುಂಚೆ, ಆಸಿಲೇಟರ್‌ಗಳ ಸದ್ದು ಕೂಡಿಸುವ ಮಿಕ್ಸರ್‌ನಲ್ಲಿ. ಹಳೆ ಮಿನಿಮೋಗ್‌ನಲ್ಲಿ ಮಿಕ್ಸರ್ ನಾಬ್ ಅರ್ಧ ದಾಟಿದರೆ ಫಿಲ್ಟರ್‌ನಲ್ಲಿ ಸದ್ದು ಒಡೆಯಲು ಶುರು. ನನಗೆ ನೆಟ್‌ನಲ್ಲಿ ಸಿಕ್ಕ ಸರ್ಕ್ಯೂಟ್‌ಗಳೆಲ್ಲ ಅಲ್ಲಿ ಕ್ಲೀನ್ ಸಿಗ್ನಲ್ ಕೊಡುವಂಥವು. ನಾನು ಮಿಕ್ಸರ್‌ನಿಂದ ಫಿಲ್ಟರ್‌ಗೆ ಹೋಗುವ ರೆಸಿಸ್ಟರ್ ಇಳಿಸಿದೆ. ಎಷ್ಟಕ್ಕೆ ಅಂತ ಹೇಳಲ್ಲ, ಅದಕ್ಕೆ ಎರಡು ಬೋರ್ಡ್ ದುಡ್ಡು ಹೋಗಿದೆ. ಹೆಡ್‌ಫೋನ್ ಔಟನ್ನು ಎಕ್ಸ್‌ಟರ್ನಲ್ ಇನ್‌ಗೆ (ಹೊರಗಿನ ಸದ್ದು ಒಳಬಿಡುವ ಕಿಂಡಿಗೆ) ತಿರುಗಿ ಕೊಡುವ ಹಳೆ ಉಪಾಯ ನಿಮಗೆಲ್ಲ ಗೊತ್ತು. ಅದೂ ಬೇಕು, ಆದರೆ ಚಿಟಿಕೆಯಷ್ಟು.

ಸೆಟ್ಟಿಂಗ್ ಹೀಗಿದೆ (ಅಡಿ ಅನ್ನುವುದು ಸ್ಥಾಯಿಯ ಗುರುತು, ಅಂಕಿ ದೊಡ್ಡದಾದಷ್ಟೂ ತಗ್ಗು; ಸಾ-ಟೂತ್, ಪಲ್ಸ್ ಅಲೆಯ ಆಕಾರಗಳು): ಒಂದನೇ ಆಸಿಲೇಟರ್ 32 ಅಡಿ ಸಾ-ಟೂತ್, ಎರಡನೆಯದು 16 ಅಡಿ ಸಾ-ಟೂತ್, ಮೂರನೆಯದು 16 ಅಡಿ ಪಲ್ಸ್, ಸದ್ದು ಸ್ವಲ್ಪ ಕಡಿಮೆ. ಕಟಾಫ್ ಕಾಲು ಭಾಗ, ರೆಸೊನೆನ್ಸ್ ಇಲ್ಲವೆನ್ನುವಷ್ಟು, ಫಿಲ್ಟರ್ ಡಿಕೇ (ತೆರೆದದ್ದು ಮತ್ತೆ ಮುಚ್ಚುವ ಸಮಯ) ಕಾಲು ಸೆಕೆಂಡ್ ಆಸುಪಾಸು. ಡಿಟ್ಯೂನ್ ಮಾಡುವಾಗ, ಅಂದರೆ ಆಸಿಲೇಟರ್‌ಗಳ ಶ್ರುತಿ ಚೂರು ಬೇರೆ ಮಾಡುವಾಗ, ಮೇಲಿನ ಸ್ವರದಲ್ಲಿ ಕೇಳಿ ಮೋಸ ಹೋಗಬೇಡಿ. 41 ಹರ್ಟ್ಜ್‌ನ 'ಇ'ಯಲ್ಲಿ ಹತ್ತು ಸೆಂಟ್ (ಪಕ್ಕದ ಕೀಗೆ ಇರುವ ಅಂತರದ ಹತ್ತನೇ ಒಂದು) ಅಂದರೆ ನಾಲ್ಕು ಸೆಕೆಂಡಿಗೊಂದು ಅಲೆ, ಅಷ್ಟರಲ್ಲಿ ಸ್ವರವೇ ಮುಗಿದಿರುತ್ತದೆ. ಕೀ ಒತ್ತಿದಾಗಲೆಲ್ಲ ಅಲೆ ಮೊದಲಿಂದ ಶುರುವಾಗುವ ಹಾಗೆ ಆಸಿಲೇಟರ್‌ಗಳಿಗೆ ರೀಸೆಟ್ ಕೊಡಬೇಡಿ. ಅವು ತಮ್ಮ ಪಾಡಿಗೆ ಓಡುತ್ತಿದ್ದರೆ ಮಾತ್ರ ಪ್ರತಿ ಸ್ವರದ ಶುರು ಬೇರೆ ಬೇರೆ ಸಿಗುತ್ತದೆ. ಪ್ಲಗಿನ್‌ನವರ ಜೊತೆ ಈ ವಿಷಯದಲ್ಲಿ ನನ್ನ ಜಗಳ ಇನ್ನೂ ನಡೆದಿದೆ.

ಮಧ್ಯೆ ಒಂದು ಬೇರೆ ಪ್ರಯೋಗ. ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರ ಚೆಂಡೆಗೆ ಪೀಜೊ (ಅದುರನ್ನು ಸಿಗ್ನಲ್ ಮಾಡುವ ಬಿಲ್ಲೆ) ಅಂಟಿಸಿ ಎಕ್ಸ್‌ಟರ್ನಲ್ ಇನ್‌ಗೆ ಕೊಟ್ಟು, ಬೇಸ್ ಜೊತೆ ಅದೇ ಫಿಲ್ಟರ್‌ನಲ್ಲಿ ಹಾಯಿಸಿದೆ. ಚೆಂಡೆಯ ಪೆಟ್ಟು ಬಿದ್ದಾಗ ಬೇಸ್ ಒಳಗೆ ಕುಗ್ಗಿ ಮತ್ತೆ ಎದ್ದು ಬರುತ್ತದೆ, ಎರಡೂ ಒಂದೇ ವಾದ್ಯ ಅನ್ನಿಸುವ ಹಾಗೆ. ಅದನ್ನು ಎಲ್ಲಿ ಬಳಸಬೇಕು ಅಂತ ಯೋಚನೆ ನಡೀತಿದೆ.

ಖರ್ಚು, ಹಾಳಾದ ಬೋರ್ಡ್‌ಗಳೂ ಸೇರಿ, ಹದಿನೈದು ಸಾವಿರದ ಒಳಗೆ. ಮಾರುಕಟ್ಟೆಯ ಕ್ಲೋನ್ ವಿಚಾರಿಸಿದಾಗ ನನಗೆ ಹೇಳಿದ್ದು ಅದರ ಎರಡರಷ್ಟು. ಅಸಲಿ ಮಿನಿಮೋಗ್ ಮಾಡೆಲ್ ಡಿ ಮಾತು ಬಿಡಿ, 2022ರಲ್ಲಿ ಕಂಪನಿಯೇ ಮತ್ತೆ ತಂದಾಗ ಐದು ಸಾವಿರ ಡಾಲರ್ ಇತ್ತು. ಗಣಪತಿ ಹಬ್ಬದ ರಸಮಂಜರಿಯಲ್ಲಿ 18 ಇಂಚಿನ ಸಬ್‌ವೂಫರ್ ಸ್ಪೀಕರ್‌ಗಳ ಮೇಲೆ ಇದನ್ನು ನುಡಿಸಿದೆ, ರಿದಮ್ ಪ್ಯಾಡ್‌ನವರು ಮರುದಿನವೇ ತಮ್ಮ ಕಿಕ್ ಡ್ರಮ್ ಸ್ಯಾಂಪಲ್ ಬದಲಾಯಿಸಿದರು. ಮ್ಯಾಚ್ ಮಾಡಿದ ಜೋಡಿಗಳು ಇನ್ನೂ ಹತ್ತಿಪ್ಪತ್ತು ಉಳಿದಿವೆ. ಶಿವಮೊಗ್ಗ, ಸಾಗರ ಕಡೆಯವರು ಯಾರಾದರೂ ಫಿಲ್ಟರ್ ಕಟ್ಟುತ್ತಿದ್ದರೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ರೆಸಿಸ್ಟರ್ ವ್ಯಾಲ್ಯೂ ಮಾತ್ರ ಕೇಳಬೇಡಿ.