ಸ್ಲೇಟು ಅಟ್ಟಕ್ಕಿಟ್ಟೆ, ಮಕ್ಕಳು ಊಟ ಮುಗಿದ ಮೇಲೂ ಕೂತರು

"ಜ್ವಾಳದ ದಂಟು ಹಿಡ್ಕೊಂಡು ಆಡ್ಕೋತ ಕುಂತ್ರ ಎ ಬಿ ಸಿ ಡಿ ಯಾವಾಗ ಬರ್ತಾವ್ರಿ ಟೀಚರ್?" ಮೂರು ವರ್ಷದ ಹಿಂದೆ ತಾಯಂದಿರ ಸಭೆಯಲ್ಲಿ ಎಲ್ಲರ ಎದುರಿಗೇ ಒಬ್ಬ ತಾಯಿ ಹೀಗೆ ಕೇಳಿದಳು. ಮರುವಾರವೇ ಮಗನನ್ನು ಬಿಡಿಸಿ ಕಾನ್ವೆಂಟ್ ವ್ಯಾನಿಗೆ ಹತ್ತಿಸಿದಳು. ಈಗ ಅದೇ ತಾಯಿಯ ಎರಡನೇ ಮಗಳು ನನ್ನ ಸೆಂಟರಿಗೇ ಬರುತ್ತಾಳೆ. ಹೋದ ತಿಂಗಳು ಅವಳನ್ನು ಸೇರಿಸಿಕೊಂಡ ದಿನವೇ ಇದನ್ನೆಲ್ಲ ಬರೆಯಬೇಕು ಅಂದುಕೊಂಡೆ.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ ಅಂಗನವಾಡಿ ಕಾರ್ಯಕರ್ತೆ. ಹದಿನೇಳು ವರ್ಷ ಆಯ್ತು. ಓದುವ ನೀವೂ ಹೆಚ್ಚಿನವರು ಕಾರ್ಯಕರ್ತೆಯರೇ, ಹಾಗಾಗಿ ಚಿಲಿಪಿಲಿ ಪಾಠ ಏನು, ಪೋಷಣ್ ಟ್ರ್ಯಾಕರ್ ಆ್ಯಪ್ ಏನು ಅಂತ ಹೇಳುತ್ತಾ ಕೂರುವುದಿಲ್ಲ. ನನ್ನ ಪರಿಸ್ಥಿತಿ ಇಷ್ಟು: ರಿಜಿಸ್ಟರಿನಲ್ಲಿ ಮೂರರಿಂದ ಆರು ವರ್ಷದವರು 28 ಮಕ್ಕಳು. ಮೊಟ್ಟೆ ಕೊಡುವ ದಿನ 25 ಬರುತ್ತಿದ್ದರು. ಉಳಿದ ದಿನ ಒಂಬತ್ತು, ಹತ್ತು. ಬಂದವರೂ ತಟ್ಟೆ ತೊಳೆದಿಟ್ಟ ಕೂಡಲೇ ಮನೆಗೆ. ನಾಲ್ಕು ಗಂಟೆವರೆಗೆ ನಾನು, ಸಹಾಯಕಿ, ಖಾಲಿ ಚಾಪೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಕೊಪ್ಪಳಕ್ಕೆ ಹೋಗಿ ಇಂಗ್ಲಿಷ್ ಅಕ್ಷರದ ದೊಡ್ಡ ಚಾರ್ಟು, ಬಣ್ಣದ ಮ್ಯಾಟು ತಂದೆ. ಎರಡೂ ಸೇರಿ ನಾಲ್ಕು ಸಾವಿರದ ಹತ್ತಿರ ಆಯ್ತು. ಆ ಎರಡು ತಿಂಗಳು ಗೌರವಧನ ಬಂದಿರಲಿಲ್ಲ, ಸಂಘದಿಂದ ಸಾಲ ಎತ್ತಿದ್ದೆ. ಮಕ್ಕಳು ಗಿಣಿಪಾಠ ಕಲಿತರು. ತಾಯಂದಿರು ಒಂದು ತಿಂಗಳು ಖುಷಿಪಟ್ಟರು. ಹಾಜರಾತಿ ಮಾತ್ರ ಹತ್ತು ದಾಟಲಿಲ್ಲ.

ಆಮೇಲೆ ಕಿನ್ನಾಳದ ಗೊಂಬೆ ತಂದೆ. ನಮ್ಮ ಜಿಲ್ಲೆಯದೇ ಕಲೆ, ಹಗುರ ಮರ, ಕಣ್ಣು ಕುಕ್ಕುವ ಬಣ್ಣ, ಮಕ್ಕಳಿಗೆ ಇಷ್ಟ ಆಗೇ ಆಗುತ್ತೆ ಅಂದುಕೊಂಡೆ. ಎರಡು ಗೊಂಬೆಗೆ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ಗೊಂಬೆ ಚೆನ್ನಾಗಿಯೇ ಇತ್ತು. ತಪ್ಪು ನನ್ನದು. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ "ಮುಟ್ಟಬ್ಯಾಡ್ರಿ, ಒಡೀತಾವು" ಅಂತ ದಿನಾ ಹೇಳಿದೆ. ಒಂದು ವಾರ ಬಿಟ್ಟು ನೋಡಿದರೆ ಒಬ್ಬ ಹುಡುಗ ಗೊಂಬೆಯ ಮುಂದೆ ಹೂವಿಟ್ಟು ಕೈ ಮುಗಿಯುತ್ತಿದ್ದ. ಅವತ್ತೇ ಗೊತ್ತಾಯ್ತು, ಒಡೆದರೆ ನನ್ನ ಹೊಟ್ಟೆ ಉರಿಯುವಂಥ ಆಟಿಕೆ ಮಕ್ಕಳ ಆಟಿಕೆ ಅಲ್ಲ ಅಂತ.

ಮೂರನೆಯದು ಫೋನಿನಲ್ಲಿ ಶಿಶುಗೀತೆ ತೋರಿಸಿದ್ದು. ಮಕ್ಕಳು ಗಪ್‌ಚುಪ್. ನಿಲ್ಲಿಸಿದರೆ ಅಳು. ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತು, "ಮನ್ಯಾಗೂ ಫೋನು, ಇಲ್ಲೂ ಫೋನಾ? ಹಂಗಾದ್ರ ಇಲ್ಲಿಗ್ಯಾಕ ಕಳಸ್ಬೇಕು?" ಅಂದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆ ಆದಷ್ಟೂ ಒಳ್ಳೇದು ಅಂದಿದೆ. ಅದನ್ನು ಆಮೇಲೆ ತಿಳಿದುಕೊಂಡೆ. ಅಜ್ಜಿಗೆ ಮೊದಲೇ ಗೊತ್ತಿತ್ತು.

ಇದೇ ಹೊತ್ತಲ್ಲಿ ಒಂದು ಹುಡುಗಿ ಇದ್ದಳು. ಮೂರೂವರೆ ವರ್ಷ. ಬಂದು ನಾಲ್ಕು ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ. ಕಿವಿ ಕೇಳಿಸುವುದಿಲ್ಲವೇನೋ ಅಂತ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬಂದಾಗ ತೋರಿಸಿದೆ. ಕಿವಿ ಸರಿ ಇದೆ ಅಂದರು. ಹಾಗಾದರೆ ಮಗುವೇ ಮಂದ ಅಂತ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಈಗ ನೆನೆದರೆ ಸಂಕಟ ಆಗುತ್ತೆ.

ಒಂದು ದಿನ ಅವಳನ್ನು ಕರೆದೊಯ್ಯಲು ಅಜ್ಜ ಬಂದ. ಊಟ ಇನ್ನೂ ಆಗಿರಲಿಲ್ಲ. ಸುಮ್ನೆ ಕೂರಲಾರದೆ ಪಕ್ಕದ ಬಣವೆಯಿಂದ ಎರಡು ಜೋಳದ ದಂಟು ಎಳೆದು ತಂದ. ಉಗುರಿನಿಂದ ಸಿಪ್ಪೆ ಸೀಳಿದ, ಒಳಗಿನ ಬೆಂಡು ಬಿಡಿಸಿದ, ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿದ. ಹತ್ತು ನಿಮಿಷದಲ್ಲಿ ಬಂಡಿ, ಎರಡು ಎತ್ತು, ನೊಗ ಸಮೇತ ಸಿದ್ಧ. ಹುಡುಗಿ ಅದನ್ನು ಚಾಪೆ ಮೇಲೆ ಉದ್ದಕ್ಕೂ ಎಳೆದಳು. ನಿಲ್ಲಿಸಿದಳು. ಎದ್ದು ಹೋಗಿ ಬಾಟಲಿಯ ಮುಚ್ಚಳ ಹುಡುಕಿ ತಂದು ಎತ್ತಿನ ಮೂತಿಯ ಮುಂದಿಟ್ಟಳು. "ಪಾಣಿ" ಅಂದಳು.

ನಾಲ್ಕು ತಿಂಗಳಲ್ಲಿ ನಾನು ಕೇಳಿದ ಅವಳ ಮೊದಲ ಮಾತು. ಎತ್ತಿಗೆ ನೀರು. ಲಂಬಾಣಿಯಲ್ಲಿ.

ಅವತ್ತು ಸಂಜೆಯೇ ಸ್ಲೇಟು, ಬಳಪ, ಚಾರ್ಟು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಐದು ತುಂಬುವವರೆಗೆ ಬರವಣಿಗೆ ಇಲ್ಲ ಅಂತ ತೀರ್ಮಾನಿಸಿದೆ.

ದಂಟಿನ ಕೆಲಸ ಹೇಳುವಷ್ಟು ಸುಲಭ ಅಲ್ಲ. ಮೊದಲ ವಾರವೇ ಒಬ್ಬನ ಬೆರಳು ಕೊಯ್ದುಕೊಂಡಿತು. ಒಣಗಿದ ಸಿಪ್ಪೆ ಬ್ಲೇಡಿನ ಹಾಗೆ ಇರುತ್ತೆ. ಅವನ ತಾಯಿ ಬಂದು ಬೈದಿದ್ದಕ್ಕೆ ನಾನು ಎದುರು ಮಾತಾಡಲಿಲ್ಲ. ಆಮೇಲೆ ನಿಯಮ ಮಾಡಿದೆ: ಸಿಪ್ಪೆ ದೊಡ್ಡವರೇ ಬಿಡಿಸಬೇಕು, ಮಕ್ಕಳ ಕೈಗೆ ಬೆಂಡು ಮತ್ತು ತುದಿ ಮೊಂಡು ಮಾಡಿದ ಕಡ್ಡಿ ಮಾತ್ರ. ಸಜ್ಜೆ ದಂಟು ನೋಡಿದೆ, ಸಣ್ಣದಾಯ್ತು. ಮೆಕ್ಕೆಜೋಳ ನೋಡಿದೆ, ಕಡ್ಡಿ ಚುಚ್ಚಿದರೆ ನಿಲ್ಲಲಿಲ್ಲ. ಹಿಂಗಾರಿ ಬಿಳಿಜೋಳವೇ ಸರಿ, ಅದರಲ್ಲೂ ಯಲಬುರ್ಗಾ ಕಡೆಯ ಎರೆಹೊಲದ್ದು. ಮೊದಲ ವರ್ಷ ಮಳೆಗಾಲದಲ್ಲಿ ಒಂದು ಹೊರೆ ಪೂರ್ತಿ ಬೂಸಲು ಹಿಡಿದು ಎಸೆದೆ. ಈಗ ಬೂಸಲು ಬರುವುದಿಲ್ಲ, ಹುಳವೂ ಬೀಳುವುದಿಲ್ಲ. ಹೇಗೆ ಇಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸೆಂಟರಿಗೆ ಬಂದವರಿಗೆ ತೋರಿಸುತ್ತೇನೆ.

ಬಂಡಿಯಿಂದ ಶುರುವಾಗಿದ್ದು ತಕ್ಕಡಿ, ಕನ್ನಡಕ, ಗಿರಗಿಟ್ಲೆ, ಮಂಚದವರೆಗೆ ಹೋಯ್ತು. ತಕ್ಕಡಿ ಬಂದ ಮೇಲೆ ಹುಣಸೆಬೀಜ ಬಂತು. ಬೀಜ ಬಂದ ಮೇಲೆ ಎಣಿಕೆ ತಾನಾಗೇ ಬಂತು. "ನಿಂಗ ಐದು, ನಂಗ ಮೂರು, ಮೋಸ!" ಅಂತ ಜಗಳ ಆಡುವ ಮಗುವಿಗೆ ಹೆಚ್ಚು ಕಡಿಮೆ ಯಾವುದು ಅಂತ ನಾನು ಹೇಳಿಕೊಡಬೇಕಾ? ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ಜೇಡಿಮಣ್ಣು ತರಿಸಿದೆ. ಮಣ್ಣಾಟಕ್ಕೆ ಆಶಾ ಅಕ್ಕ ಹೊಟ್ಟೆಹುಳದ ಹೆದರಿಕೆ ಹೇಳಿದರು. ಆಟ ಬಿಡಲಿಲ್ಲ. ಸೋಪು ಜಾಸ್ತಿ ತಂದೆ, ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ಮಾತ್ರೆ ಒಂದು ಮಗುವಿಗೂ ತಪ್ಪದ ಹಾಗೆ ನೋಡಿಕೊಂಡೆ.

ಭಾಷೆಯ ವಿಷಯದಲ್ಲಿ ನಾನು ತಡ ಮಾಡಿದೆ. ನನಗೆ ಲಂಬಾಣಿ ಅರ್ಥ ಆಗುತ್ತಿತ್ತು, ಆಡುತ್ತಿರಲಿಲ್ಲ. ಮಕ್ಕಳು ಕನ್ನಡ ಕಲಿಯಲಿ ಅಂತಲೇ ಆಡುತ್ತಿರಲಿಲ್ಲ. ಅದು ಉಲ್ಟಾ ಕೆಲಸ. ಮಗು ಯಾಡಿ ಅಂದರೆ ನಾನೂ ಮೊದಲು ಯಾಡಿ ಅನ್ನಬೇಕು, ಅವ್ವ ಆಮೇಲೆ ಬರುತ್ತೆ. ಬಾಟಿ ಮೊದಲು, ರೊಟ್ಟಿ ಆಮೇಲೆ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಸಣ್ಣ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಿ ಅನ್ನುತ್ತೆ. ನಾನು ದಿನಕ್ಕೆ ಎರಡು ಪದದಂತೆ ಮಕ್ಕಳಿಂದಲೇ ಕಲಿತೆ. ಆರು ತಿಂಗಳಲ್ಲಿ ಮಕ್ಕಳ ಕನ್ನಡವೂ ಜೋರಾಯ್ತು. ನನ್ನನ್ನು ತಿದ್ದುವ ಖುಷಿಗೇ ಎಷ್ಟೋ ಮಕ್ಕಳು ಬಾಯಿ ಬಿಟ್ಟರು.

ಇನ್ನೊಂದು ಕೈ ಇಲ್ಲದಿದ್ದರೆ ಇದು ಯಾವುದೂ ನಡೆಯುತ್ತಿರಲಿಲ್ಲ. ನಮ್ಮ ಬೆಳಗು ಹೇಗೆ ಹೋಗುತ್ತೆ ನಿಮಗೆ ಗೊತ್ತಲ್ವಾ? ಫೋಟೋ, ತೂಕ, ಸರ್ವೆ, ಅಡುಗೆ. ತಮಿಳುನಾಡಿನಲ್ಲಿ ಅಂಗನವಾಡಿಗೆ ಮಕ್ಕಳ ಕಲಿಕೆಗೆಂದೇ ಅರ್ಧ ದಿನಕ್ಕೆ ಒಬ್ಬರನ್ನು ಹೆಚ್ಚುವರಿಯಾಗಿ ಕೊಟ್ಟು ನೋಡಿದ್ದಾರೆ. ಕಲಿಸುವ ಸಮಯ ದುಪ್ಪಟ್ಟಾಯ್ತು, ಮಕ್ಕಳ ಕಲಿಕೆ ಹೆಚ್ಚಿತು, ಕುಂಠಿತ ಬೆಳವಣಿಗೆಯೂ ಕಡಿಮೆಯಾಯ್ತು. ನಮಗೆ ಅಂಥವರನ್ನು ಯಾರು ಕೊಡಬೇಕು? ನಾನು ಆ ಅಜ್ಜನನ್ನೇ ಹಿಡಿದೆ. ವಾರಕ್ಕೆ ಮೂರು ದಿನ, ಹತ್ತರಿಂದ ಹನ್ನೆರಡು. ಸಂಬಳ ಕೇಳಲಿಲ್ಲ. ಚಹಾ, ಎಲೆ-ಅಡಿಕೆ ನನ್ನದು. ಅಜ್ಜ ಮನಸ್ಸು ಮಾಡಿದ್ದು ಹೇಗೆ ಅನ್ನುವುದು ಅಜ್ಜನಿಗೆ, ನನಗೆ ಬಿಟ್ಟ ವಿಷಯ.

ನಂಬದವರಲ್ಲಿ ಸೂಪರ್‌ವೈಸರ್ ಮೇಡಂ ಕೂಡ ಇದ್ದರು. ಮೊದಲ ಸಲ ನೋಡಿ, "ಏನಮ್ಮ, ಸೆಂಟರ್ ತುಂಬಾ ಕಸ ಮಾಡಿದ್ದೀಯಲ್ಲ?" ಅಂದರು. ತರಬೇತಿಯಲ್ಲಿ ಕೇಳಿದ್ದ ಜಮೈಕಾದ ಸಂಗತಿ ಹೇಳಿದೆ. ಅಲ್ಲಿ 1986-87ರಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆ ಹೋಗಿ, ಬಿಸಾಡುವ ವಸ್ತುಗಳಿಂದ ಮಾಡಿದ ಆಟಿಕೆ ಇಟ್ಟುಕೊಂಡು ಆಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಎರಡು ವರ್ಷ ಅಷ್ಟೇ. ಇಪ್ಪತ್ತು ವರ್ಷ ಕಳೆದು ನೋಡಿದರೆ ಆ ಮಕ್ಕಳ ದುಡಿಮೆ, ಹಾಗೆ ಆಡಿಸದೆ ಬಿಟ್ಟ ಮಕ್ಕಳ ದುಡಿಮೆಗಿಂತ ನೂರಕ್ಕೆ 25ರಷ್ಟು ಜಾಸ್ತಿ. ಮೇಡಂ ಏನೂ ಅನ್ನಲಿಲ್ಲ. ಮುಂದಿನ ಸಲ ಬಂದಾಗ ಚಾಪೆ ಮೇಲೆ ಕೂತು ಗಿರಗಿಟ್ಲೆ ಮಾಡಿಸಿಕೊಂಡು ಹೋದರು.

ಗುಳೆ ಹೊತ್ತಿನ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ದೀಪಾವಳಿ ಮುಗಿದರೆ ನಮ್ಮ ತಾಂಡಾ ಅರ್ಧ ಖಾಲಿ. ಬೆಂಗಳೂರು, ಗೋವಾ, ಕಬ್ಬು ಕಡಿಯುವ ಕಡೆ. ಅಜ್ಜಿಯ ಹತ್ತಿರ ಉಳಿದ ಮಕ್ಕಳು ಮಂಕಾಗುತ್ತಾರೆ, ಊಟ ಬಿಡುತ್ತಾರೆ. ತಾಯಂದಿರ ದನಿ ವಾಟ್ಸಾಪಿನಲ್ಲಿ ತರಿಸಿ ಕೇಳಿಸಿದೆ. ತಪ್ಪಾಯ್ತು. ಮೂವರು ಅತ್ತ ಅಳು ಸಂಜೆವರೆಗೂ ನಿಲ್ಲಲಿಲ್ಲ, ಒಬ್ಬಳಿಗೆ ರಾತ್ರಿ ಜ್ವರ. ನಿಲ್ಲಿಸಿದೆ. ಮರುವರ್ಷ ತಿರುಗಿಸಿದೆ. ಮಕ್ಕಳೇ ತಾಯಿಗೆ ಹೇಳಿ ಕಳಿಸುವುದು: ಇವತ್ತು ಏನು ಮಾಡಿದೆ, ಎಷ್ಟು ತಿಂದೆ. ದಂಟಿನ ಮನೆ ಕಟ್ಟಿ, "ಯಾಡಿ, ಇದು ನಿಂಗ" ಅಂತ ಹೇಳಿದ ಹುಡುಗ ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡ. ಇದು ಎಲ್ಲ ಮಕ್ಕಳಿಗೂ ಹಿಡಿಸಲಿಲ್ಲ. ಇಬ್ಬರು ಫೋನ್ ಕಂಡರೆ ಓಡುತ್ತಿದ್ದರು, ಅವರನ್ನು ಬಿಟ್ಟುಬಿಟ್ಟೆ.

ಈಗಿನ ಲೆಕ್ಕ: ರಿಜಿಸ್ಟರಿನಲ್ಲಿ 31. ಮೊಟ್ಟೆ ಇಲ್ಲದ ದಿನವೂ 24-25 ಬರುತ್ತಾರೆ, ಊಟ ಆದ ಮೇಲೆ ಹದಿನೈದಾದರೂ ಉಳಿಯುತ್ತಾರೆ. ಕಡಿಮೆ ತೂಕದ ಆರು ಮಕ್ಕಳಲ್ಲಿ ನಾಲ್ವರು ಮೇಲೆ ಬಂದರು. ಕೂತು ತಿನ್ನುವ ಮಗು ಬೆಳೆಯುತ್ತೆ, ಅಷ್ಟೇ. ವ್ಯಾನಿಗೆ ಹೋದ ಏಳು ಮಕ್ಕಳಲ್ಲಿ ಮೂವರು ವಾಪಸ್ ಬಂದರು. ಅಲ್ಲಿ ವರ್ಷಕ್ಕೆ ಹದಿನಾಲ್ಕು ಸಾವಿರದ ಮೇಲೆ ಫೀ. ಒಂದನೇ ಕ್ಲಾಸಿಗೆ ಆರು ವರ್ಷ ಅಂತ ಆದ ಮೇಲೆ ದೊಡ್ಡ ಮಕ್ಕಳೂ ನಮ್ಮಲ್ಲೇ ಉಳಿಯುತ್ತಿದ್ದಾರೆ. ಅವರಿಗೆ ಮಾತ್ರ ಅಟ್ಟದಿಂದ ಸ್ಲೇಟು ಇಳಿಸಿದ್ದೇನೆ. ವರ್ಷಗಟ್ಟಲೆ ಕಡ್ಡಿ ಚುಚ್ಚಿದ ಬೆರಳು ಬಳಪ ಹಿಡಿದರೆ ನಡುಗುವುದಿಲ್ಲ. ಶಾಲೆಯ ಮೇಷ್ಟ್ರು ತಾವಾಗೇ ಬಂದು ಕೇಳಿದರು, "ಇವ್ರಿಗೆ ಅಕ್ಷರ ಯಾರು ತಿದ್ದಿಸಿದ್ರಿ?"

ಖರ್ಚು ತಿಂಗಳಿಗೆ ನೂರೈವತ್ತು ದಾಟಿಲ್ಲ. ಮೈದಾ ಅಂಟು, ಸೋಪು, ಅಜ್ಜನ ಚಹಾ. 2024ರ ಜೂನ್‌ನಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಅಂದಾಗ ನಾವೆಲ್ಲ ಬೀದಿಗೆ ಇಳಿದೆವಲ್ವಾ, ಆಗ ನನ್ನ ಪಕ್ಕ ಕೂತಿದ್ದ ಮಸ್ಕಿ ಕಡೆಯ ಕಾರ್ಯಕರ್ತೆಗೆ ಇದೆಲ್ಲ ಹೇಳಿದ್ದೆ. ಅವರೂ ಶುರು ಮಾಡಿದ್ದಾರೆ, ತೆಲುಗು ಮಕ್ಕಳ ಜೊತೆ. ಮೊನ್ನೆ ಫೋನ್ ಮಾಡಿ ದಂಟು ಹುಳ ಹಿಡಿದಿದೆ ಅಂದರು. ಅವರಿಗೆಂದು ಒಂದು ಹೊರೆ ಎತ್ತಿಟ್ಟಿದ್ದೇನೆ, ಲಿಂಗಸುಗೂರು ಬಸ್ಸಿಗೆ ಹಾಕಿ ಕಳಿಸಬೇಕು.