ನಮ್ಮ ಕ್ಲಾಸಿನಲ್ಲಿ ಎಲೆ ಉದುರಿದ್ದು ಫೆಬ್ರವರಿಯಲ್ಲಿ

ಮೈಸೂರಿನ ಒಂದು ಸಣ್ಣ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಅಕ್ಟೋಬರ್ ಬಂದರೆ ವರ್ಕ್‌ಬುಕ್ಕಿನಲ್ಲಿ ‘ಆಟಮ್’, ಅಂದರೆ ಎಲೆ ಉದುರುವ ಕಾಲ, ಅಂತ ಒಂದು ಪಾಠ. ಕಿತ್ತಳೆ ಬಣ್ಣದ ಮೇಪಲ್ ಎಲೆ, ಅಳಿಲು, ಸ್ವೆಟರ್ ಹಾಕಿಕೊಂಡ ಹುಡುಗ. ನಾನೂ ಎರಡು ವರ್ಷ ಸುಮ್ನೆ ಬಣ್ಣ ತುಂಬಿಸಿದೆ.

ಮೂರನೇ ವರ್ಷ ಒಬ್ಬ ಹುಡುಗ ಕೇಳಿದ, “ಮಿಸ್, ಈ ಮರ ಎಲ್ಲಿದೆ?” ಕೆನಡಾದಲ್ಲಿ ಅಂದೆ. ಅವನು ಕಿಟಕಿಯಿಂದ ಹೊರಗೆ ನೋಡಿದ. ಅಂಗಳದ ಹೊಂಗೆ ಮರ ಹಸಿರಾಗಿ ನಿಂತಿತ್ತು. “ಮತ್ತೆ ನಮ್ಮ ಮರದ್ದು ಯಾಕೆ ಬಿದ್ದಿಲ್ಲ?”

ಒಳ್ಳೆಯ ಪ್ರಶ್ನೆ ಅಲ್ವಾ? ಅಲ್ಲಿ ಹಗಲು ಚಿಕ್ಕದಾಗಿ ಚಳಿ ಹೆಚ್ಚಾದಾಗ ಎಲೆಯ ಹಸಿರು ಕರಗುತ್ತದೆ, ಒಳಗಿದ್ದ ಹಳದಿ ಕಾಣುತ್ತದೆ. ನಮ್ಮಲ್ಲಿ ಅಕ್ಟೋಬರ್ ಅಂದರೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಮಳೆ ನಿಂತು ನೆಲ ಒಣಗಿದ ಮೇಲೆ, ನೀರು ಉಳಿಸಿಕೊಳ್ಳಲು ನಮ್ಮ ಮರಗಳು ಎಲೆ ಉದುರಿಸುತ್ತವೆ. ಹೊಂಗೆ, ಅರಳಿ ಎಲ್ಲ ಬೋಳಾಗುವುದು ಶಿವರಾತ್ರಿ ಆಸುಪಾಸಿನಲ್ಲಿ. ಹಾಗಾಗಿ ಎಲೆಯ ಪಾಠವನ್ನು ಫೆಬ್ರವರಿಗೆ ತಳ್ಳಿದೆ.

ಅಕ್ಟೋಬರ್‌ಗೆ ಏನು ಮಾಡುವುದು? ಅದು ನಮಗೆ ಶರದೃತು, ದಸರಾ ಕಾಲ. ರಜೆಗೆ ಮೊದಲು ರಟ್ಟಿನ ಡಬ್ಬಗಳಿಂದ ಗೊಂಬೆ ಮೆಟ್ಟಿಲು ಕಟ್ಟಿದೆವು. ಮೂರು ಮೆಟ್ಟಿಲು ಸಾಕು ಅಂದರೆ ಮಕ್ಕಳು ಒಪ್ಪಲಿಲ್ಲ, ಐದಾಯಿತು. ಎತ್ತರದ ಗೊಂಬೆ ಮೇಲೆ, ಕುಳ್ಳ ಗೊಂಬೆ ಕೆಳಗೆ. ಆದರೆ ಪಟ್ಟದ ಗೊಂಬೆ ಎಷ್ಟೇ ಕುಳ್ಳಗಿದ್ದರೂ ಮೇಲೇ ಇರಬೇಕು ಅಂತ ಒಬ್ಬಳು ಹಟ ಹಿಡಿದಳು. ಅವಳ ಮಾತೇ ಸರಿ, ನನ್ನ ಲೆಕ್ಕ ಹಾಳಾಯಿತು. ಬನ್ನಿ ಎಲೆಯನ್ನೂ ತಂದಿದ್ದೆ. ಜಂಬೂ ಸವಾರಿಯ ಆನೆ ಹೋಗುವುದು ಬನ್ನಿಮಂಟಪಕ್ಕೆ ಅಂತ ಎಲ್ಲರಿಗೂ ಗೊತ್ತು. ಬನ್ನಿ ಒಂದು ಮರ, ಅದಕ್ಕೆ ಮುಳ್ಳಿದೆ, ಎಲೆ ಇಷ್ಟು ಪುಟ್ಟದು ಅಂತ ಯಾರಿಗೂ ಗೊತ್ತಿರಲಿಲ್ಲ.

ವರ್ಕ್‌ಬುಕ್ಕಿನ ಕುಂಬಳಕಾಯಿ ಮಾತ್ರ ಉಳಿಸಿಕೊಂಡೆ. ದೇವರಾಜ ಮಾರ್ಕೆಟ್‌ನಿಂದ ಒಂದು ಸಿಹಿಕುಂಬಳ ತಂದು ಹೆಚ್ಚಿದೆ. ಕೈ ಹಾಕಿ ಬೀಜ ತೆಗೆಯಿರಿ ಅಂದೆ. ಅರ್ಧ ಮಕ್ಕಳು ಮೊಣಕೈವರೆಗೆ ಮೆತ್ತಿಕೊಂಡರು, ಇಬ್ಬರು “ಲೋಳೆ” ಅಂತ ಹತ್ತಿರವೇ ಬರಲಿಲ್ಲ. ಅವರಿಗೆ ತೊಳೆಯುವ ಕೆಲಸ ಕೊಟ್ಟೆ. ಬೀಜವನ್ನು ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿದೆವು. ಹತ್ತರ ಗುಂಪು ಅಂದರೇನು ಅಂತ ಬೋರ್ಡಿನ ಮೇಲೆ ಒಂದು ವಾರ ಹೇಳಿದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಹತ್ತಿತು. ಸಂಜೆ ಮಾತ್ರ ಒಬ್ಬ ತಾಯಿ ಕೇಳಿದರು, “ಇವತ್ತು ಏನೂ ಬರೆಸಿಲ್ವಾ ಮಿಸ್?” ಮಗುವಿನ ಕೈಗೆ ನಾಲ್ಕು ಬೀಜ ಕೊಟ್ಟು ಕಳಿಸಿದೆ.

ಫೆಬ್ರವರಿಯದು ದೊಡ್ಡ ಕೆಲಸ. ಬೆಳಿಗ್ಗೆ ಅಂಗಳ ಗುಡಿಸುವ ಮೊದಲೇ ಮಕ್ಕಳನ್ನು ಬಿಟ್ಟೆ. ಹೊಂಗೆ, ಅರಳಿ, ಕೆಂಪಗೆ ತಿರುಗಿದ ಬಾದಾಮಿ ಎಲೆ, ಎಲ್ಲ ಆರಿಸಿ ತಂದರು. ಎಲೆ ರಾಶಿಯನ್ನು ಮೊದಲು ಕೋಲಿನಿಂದ ಕೆದಕಿ ನೋಡಬೇಕು. ನಾನು ನೋಡಿರಲಿಲ್ಲ, ಒಬ್ಬಳಿಗೆ ಕೆಂಪಿರುವೆ ಕಚ್ಚಿತು.

ಎಲೆಗಳನ್ನು ವಿಂಗಡಿಸಿ ಅಂದೆ, ಹೇಗೆ ಅಂತ ಹೇಳಲಿಲ್ಲ. ಒಂದು ಗುಂಪು ಬಣ್ಣ ನೋಡಿ ಇಟ್ಟಿತು, ಒಂದು ಗುಂಪು ಉದ್ದ ನೋಡಿ. ಮೂರನೆಯದು “ಸದ್ದು ಮಾಡೋದು, ಸದ್ದು ಮಾಡದೇ ಇರೋದು” ಅಂತ ಎರಡು ಪಾಲು ಮಾಡಿತು. ಹಿಸುಕಿದರೆ ತರಗೆಲೆ ಪರಪರ ಅನ್ನುತ್ತದೆ, ಹಣ್ಣೆಲೆ ಸುಮ್ಮನಿರುತ್ತದೆ. ನನಗೆ ಹೊಳೆದೇ ಇರಲಿಲ್ಲ. ಮುಂದಿನ ಕೆಲಸಕ್ಕೆ ಇದೇ ಉಪಯೋಗಕ್ಕೆ ಬಂತು. ಎಲೆಯ ಮೇಲೆ ತೆಳು ಹಾಳೆ ಇಟ್ಟು ಕ್ರೇಯಾನ್ ಉಜ್ಜಿ ಅಚ್ಚು ತೆಗೆಯಲು ಸದ್ದು ಮಾಡದ ಎಲೆಯೇ ಬೇಕು, ಒಣಗಿದ್ದು ಪುಡಿಯಾಗುತ್ತದೆ. ನರ ಉಬ್ಬಿದ ಹಿಂಬದಿ ಮೇಲೆ ಬರಬೇಕು. ಕ್ರೇಯಾನಿನ ಕಾಗದ ಸುಲಿದು, ಅಡ್ಡ ಹಿಡಿದು ಉಜ್ಜಬೇಕು.

ಅರಳಿ ಎಲೆಯ ಬಲೆ ಮಾಡುವುದು ಗೊತ್ತಲ್ಲ? ಎಲೆಯನ್ನು ಮೂರು ವಾರ ನೀರಲ್ಲಿ ನೆನೆಹಾಕಿ, ಕೊಳೆತ ಭಾಗವನ್ನು ಮೆಲ್ಲಗೆ ಉಜ್ಜಿ ತೆಗೆದರೆ ನರಗಳ ಜಾಲರಿ ಮಾತ್ರ ಉಳಿಯುತ್ತದೆ. ಬಕೆಟ್ಟಿನಲ್ಲಿ ನಲವತ್ತು ಎಲೆ ಹಾಕಿ ಮೂಲೆಯಲ್ಲಿಟ್ಟೆ. ನೀರು ಬದಲಿಸಲು ಮರೆತೆ. ಹತ್ತನೇ ದಿನಕ್ಕೆ ನಾತ. ಹದಿಮೂರನೇ ದಿನ ನಮ್ಮ ಆಯಮ್ಮ ಅದನ್ನು ಹೊಂಗೆ ಬುಡಕ್ಕೆ ಚೆಲ್ಲಿ, ಬಕೆಟ್ ತೊಳೆದು ಬೋರಲು ಹಾಕಿದ್ದರು. ಪಾಪ, ಅವರ ತಪ್ಪೇನಿದೆ.

ಮತ್ತೆ ಶುರು ಮಾಡಿದೆ. ಈ ಸಲ ಮುಚ್ಚಳವಿರುವ ಬಕೆಟ್ಟು, ಎರಡು ದಿನಕ್ಕೊಮ್ಮೆ ಹೊಸ ನೀರು. ಬ್ರಷ್ ಕೊಟ್ಟರೆ ಮಕ್ಕಳು ಹರಿಯುತ್ತಾರೆ, ನೀರಿನೊಳಗೇ ಬೆರಳಲ್ಲಿ ಸವರಲು ಹೇಳಿದೆ. ಆದರೂ ಅರ್ಧಕ್ಕೂ ಜಾಸ್ತಿ ಹರಿದವು. ಉಳಿದವನ್ನು ಒಣಗಿಸಿ ಕಿಟಕಿಗೆ ಅಂಟಿಸಿದೆವು. ಅಷ್ಟರಲ್ಲಿ ಹೊರಗೆ ಹೊಂಗೆ ಚಿಗುರಿತ್ತು. ಜಾಲರಿಯ ಆಚೆ ಮಿರಮಿರ ಮಿಂಚುವ ಎಲೆ. “ಮಿಸ್, ಇವನ್ನ ಯಾವಾಗ ನೆನೆಹಾಕೋದು?” ಅಂದ ಅದೇ ಹುಡುಗ. ಆಯಮ್ಮ ಬಾಗಿಲಲ್ಲೇ ನಿಂತಿದ್ದರು, “ನಾನು ರಜಾದಲ್ಲಿ ಇರುವಾಗ ಹಾಕ್ಕೋ ಮರಿ” ಅಂದರು.