ಅಂಗುಳಿನಲ್ಲಿ ಅಡಗಿದ್ದ ಕೋರೆಹಲ್ಲು

ಸೇಡಂ ಕಡೆಯ ಹುಡುಗಿ, 13 ವರ್ಷ. ಕಲಬುರಗಿಯ ನನ್ನ ದಂತ ಚಿಕಿತ್ಸಾಲಯಕ್ಕೆ ಅವ್ವನ ಜೊತೆ ಬಂದಿದ್ದಳು. "ಸರ್, ಈ ಹಾಲಹಲ್ಲ ಇನ್ನಾ ಬಿದ್ದಿಲ್ರಿ. ಇಕಿ ಗೆಳತ್ಯಾರಿಗೆಲ್ಲ ಹೊಸಾವು ಬಂದಾವ" ಎಂದರು ತಾಯಿ. ಬಲಗಡೆ ಮೇಲಿನ ಕೋರೆಹಲ್ಲಿನ ಜಾಗದಲ್ಲಿ ಹಾಲುಹಲ್ಲು ಅಲುಗಾಡದೆ ಕೂತಿತ್ತು.

ತುಟಿ ಎತ್ತಿ ಒಸಡಿನ ಮೇಲೆ ಬೆರಳು ಒತ್ತಿದೆ. ಎಡಗಡೆ ಹಲ್ಲು ಬಂದಿತ್ತು. ಅದರ ಬೇರಿನ ಉಬ್ಬು ಮೂಗಿನ ಹೊಳ್ಳೆಯ ಕಡೆಗೆ ಏರುತ್ತಾ ಬೆರಳಿಗೆ ಸಿಗುತ್ತಿತ್ತು. ಬಲಗಡೆ ಸಪಾಟು. ಅಂಗುಳಿನ ಮೇಲೆ ಬೆರಳು ಆಡಿಸಿದಾಗ, ಮುಂದಿನ ಹಲ್ಲುಗಳ ಹಿಂದೆ ಕಡಲೆಕಾಳಿನಷ್ಟು ಗಟ್ಟಿ ಉಬ್ಬು ತಾಗಿತು.

ಎಡಗಡೆ ಒಸಡಿನ ಮೇಲೆ ಸಿಕ್ಕ ಆ ಬೇರಿನ ಉಬ್ಬು ಸುಮ್ನೆ ಇರುವುದಲ್ಲ. ಕೋರೆಹಲ್ಲಿನ ಬೇರು ಬಾಯಲ್ಲೇ ಎಲ್ಲಕ್ಕಿಂತ ಉದ್ದ. ಮೇಲ್ದುಟಿಗೂ ಬಾಯಿಯ ಮೂಲೆಗೂ ಅದು ಒಳಗಿನಿಂದ ಆಸರೆ. ಅದರ ಹಿಂದೆ ಎಲುಬಿನಲ್ಲಿ ಒಂದು ತಗ್ಗಿದೆ. ನಾವು ನಗುವಾಗ ಬಾಯಿಯ ಮೂಲೆಯನ್ನು ಎತ್ತುವ ಸ್ನಾಯು ಅಲ್ಲಿಂದಲೇ ಹೊರಡುತ್ತದೆ. ತಗ್ಗಿನ ಮೇಲೆ, ಕಣ್ಣಿನ ಗುಳಿಯ ಅಂಚಿಗಿಂತ ಸ್ವಲ್ಪ ಕೆಳಗೆ, ಕೆನ್ನೆಗೂ ಮೂಗಿನ ಬದಿಗೂ ಮೇಲ್ದುಟಿಗೂ ಹೋಗುವ ನರ ಹೊರಬರುವ ರಂಧ್ರ.

ಕೋರೆಹಲ್ಲು ಬೆಳೆಯಲು ಶುರುವಾಗುವುದು ಮೂಗಿನ ಪಕ್ಕ, ಅಷ್ಟು ಎತ್ತರದಲ್ಲಿ. ಸುಮಾರು 22 ಮಿ.ಮೀ. ಇಳಿದು 11-12ನೇ ವರ್ಷಕ್ಕೆ ಬಾಯಿಗೆ ಬರಬೇಕು. ದಾರಿ ತೋರಿಸುವುದು ಪಕ್ಕದ ಚಿಕ್ಕ ಹಲ್ಲಿನ ಬೇರು. ಈ ಹುಡುಗಿಗೆ ಆ ಚಿಕ್ಕ ಹಲ್ಲೇ ಮೊಳೆಯ ಹಾಗೆ ಸಣ್ಣದು. ದಾರಿ ತಪ್ಪಿದ್ದು ಅಲ್ಲೇ ಇರಬೇಕು.

ಎಕ್ಸ್‌ರೇ ಎರಡು ತೆಗೆದೆ. ಎರಡನೆಯ ಸಲ ಯಂತ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಚಿತ್ರದಲ್ಲಿ ಕೋರೆಹಲ್ಲೂ ಅದೇ ದಿಕ್ಕಿಗೆ ಸರಿದಿತ್ತು, ಅಂದರೆ ಅಂಗುಳಿನ ಕಡೆಗೇ ಇದೆ. ಹೊರಗಡೆ ಇದ್ದಿದ್ದರೆ ಎದುರು ದಿಕ್ಕಿಗೆ ಸರಿಯುತ್ತಿತ್ತು. ಆಮೇಲೆ ಸ್ಕ್ಯಾನ್ ಮಾಡಿಸಿದೆ. ಚಿಕ್ಕ ಹಲ್ಲಿನ ಬೇರು ಸವೆದಿರಲಿಲ್ಲ. ಅದನ್ನು ನೋಡಿ ನನಗೆ ಉಸಿರು ಬಂತು.

ಯಾಕೆಂದರೆ, ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ಹುಡುಗನಿಗೆ "ಬರುತ್ತೆ, ಕಾಯೋಣ" ಎಂದು ಕಳಿಸಿದ್ದೆ. ಕಣ್ಣಲ್ಲಿ ನೋಡಿದ್ದೆ, ಬೆರಳಿಟ್ಟು ನೋಡಿರಲಿಲ್ಲ. ಎರಡು ವರ್ಷದ ನಂತರ ಅವನು ಬಂದಾಗ ಅಡಗಿದ್ದ ಹಲ್ಲು ಪಕ್ಕದ ಹಲ್ಲಿನ ಬೇರನ್ನು ಅರ್ಧ ಕರಗಿಸಿತ್ತು. ನೋವೇ ಇರಲಿಲ್ಲ, ಹಾಗಾಗಿ ಮನೆಯವರಿಗೂ ಗೊತ್ತಾಗಿರಲಿಲ್ಲ. ಅದು ಇವತ್ತಿಗೂ ನನಗೆ ನೋವು.

10 ವರ್ಷದ ಹೊತ್ತಿಗೆ ಸಿಕ್ಕಿದ್ದರೆ ಹಾಲುಹಲ್ಲು ಕೀಳುವುದರಿಂದಲೇ ಎಷ್ಟೋ ಸಲ ಒಳಗಿನದು ದಾರಿಗೆ ಬರುತ್ತದೆ. ಇವಳದು ಜಾಸ್ತಿ ಒಳಗೆ ವಾಲಿತ್ತು. ಶಸ್ತ್ರಚಿಕಿತ್ಸೆಯೇ ಬೇಕಾಯಿತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲುಗಳ ಬುಡದ ಗುಂಟ ಒಸಡು ಬಿಡಿಸಿ ಅಂಗುಳಿನ ಪದರ ಎತ್ತಿದೆ. ದೊಡ್ಡ ರಕ್ತನಾಳ ಹಿಂದಿನಿಂದ ಮುಂದಕ್ಕೆ ಆ ಪದರದಲ್ಲೇ ಹರಿಯುತ್ತದೆ. ಅದಕ್ಕೇ ಅಲ್ಲಿ ಅಡ್ಡ ಕೊಯ್ಯುವುದಿಲ್ಲ. ತೆಳು ಎಲುಬು ಸರಿಸಿದಾಗ ಹಲ್ಲಿನ ಬಿಳುಪು ಕಂಡಿತು. ಕಷ್ಟ ಇರುವುದು ಇಲ್ಲಿಂದ ಮುಂದೆ. ಸಣ್ಣ ಸರಪಳಿ ಇರುವ ಗುಂಡಿಯನ್ನು ಹಲ್ಲಿಗೆ ಅಂಟಿಸಬೇಕು, ರಕ್ತ ತಾಗಿದರೆ ಅಂಟು ಹಿಡಿಯುವುದಿಲ್ಲ. ಗಾಜ್ ಒತ್ತಿ ಹಿಡಿದೆ, ಕಾದೆ, ಮತ್ತೆ ಒತ್ತಿದೆ. ಹಲ್ಲು ಸುಣ್ಣ ಬಳಿದ ಹಾಗೆ ಮಂಕಾಗಿ ಒಣಗಿದ ಮೇಲೆಯೇ ಅಂಟಿಸಿದೆ.

"ಒಂದು ವಾರ ಕಡಕ್ ರೊಟ್ಟಿ ಬೇಡವ್ವಾ, ಜೋಳದ ನುಚ್ಚು ಮಜ್ಜಿಗೆ ಉಣ್ಣು" ಎಂದೆ. ಮುಂದೆ ತಂತಿ ಹಾಕುವ ವೈದ್ಯ ಮಿತ್ರರು ಸರಪಳಿಯನ್ನು ತಿಂಗಳು ತಿಂಗಳೂ ಹಗುರವಾಗಿ ಎಳೆದರು. ಅವಸರ ಮಾಡಿದರೆ ಬೇರಿಗೆ ಪೆಟ್ಟು. ಹಲ್ಲು ಸಾಲಿಗೆ ಬರಲು 14 ತಿಂಗಳು ಹಿಡಿಯಿತು.

ಕೊನೆಯ ಸಲ ತಾಯಿ 10 ವರ್ಷದ ಮಗನನ್ನೂ ಕರೆತಂದಿದ್ದರು. ನಾನು ಅವನ ಒಸಡು ಒತ್ತಿ ನೋಡಿ, ತಾಯಿಗೂ ಕೈ ತೊಳೆಸಿ ಬೆರಳು ಇಡಿಸಿದೆ. ಎರಡೂ ಕಡೆ ಮೆಲ್ಲಗೆ ತಡವಿದರು.

"ಸಿಗ್ತದ್ರಿ ಸರ್, ಎರಡೂ ಕಡೀಗೆ ಸಿಗ್ತದ."